ಹಪ್ಪಳದ ಜೊತೆ ಒಣಗಿದ ಫೋನು

ಬಜಾಜ್ ನಗರ, ನಾಗಪುರ
೨೫ ಮೇ ೨೦೨೫, ಭಾನುವಾರ

ಚಿ. ಸೌ. ಚಾರುಲತಾಳಿಗೆ ನಿನ್ನ ಅತ್ತೆ ಅನಸೂಯ ಮಾಡುವ ಆಶೀರ್ವಾದಗಳು.

ನಾನೂ ನಿನ್ನ ಮಗಳು ಅಕ್ಷರಾಳೂ ಇಲ್ಲಿ ಚೆನ್ನಾಗಿದ್ದೇವೆ. ಅವಳ ಕಾಲೇಜಿಗೆ ರಜೆ. ಕೂಲರಿನ ಮುಂದಿನಿಂದ ಏಳುವುದಿಲ್ಲ. ನೀನು ಕಾಮಠಿಯ ನಿಮ್ಮ ಮನೆಗೆ ಹೊರಟ ಮರುದಿನವೇ ಈ ಕಾಗದ ಬರೆಯಬೇಕಿತ್ತು. ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಹತ್ತಿರ ಈಗ ಫೋನಿಲ್ಲ. ಉಮಾಕಾಂತನಿಗೆ ಮಾಡಿದರೆ ನನ್ನ ಮಗರಾಯ ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತಾನೆ. ನಾನು ಹೇಳಬೇಕಾದದ್ದು ನಿನಗೊಬ್ಬಳಿಗೆ. ನಾಗಪುರದಲ್ಲೇ ಓದಿ ಬೆಳೆದವಳು, ನಿನಗೆ ಕನ್ನಡ ಓದುವುದು ನಿಧಾನ ಎಂದು ದೊಡ್ಡದಾಗಿ ಬಿಡಿಸಿ ಬರೆದಿದ್ದೇನೆ.

ನೀನು ಬರುವ ಮೊದಲು ನಡೆದದ್ದನ್ನು ನಾನು ಪೂರ್ತಿ ಹೇಳಿರಲಿಲ್ಲ. ನಿನ್ನ ಮಾವನವರು ಹೋದಾಗಿನಿಂದ ಅವರ ಫೋನು ನನ್ನ ಹತ್ತಿರವೇ ಇರುತ್ತದೆ. ಅಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂಲರಿಗೆ ನೀರು ಬಿಡುತ್ತಿದ್ದೆ. ಬಗ್ಗಿದಾಗ ಜಾರಿ ನೀರಿಗೆ ಬಿತ್ತು. "ಅಜ್ಜಿ, ಅಂಗಡಿಗೆ ಒಯ್ಯೋಣ" ಎಂದಳು ಅಕ್ಷರಾ. "ನಾಗಪುರದ ಬಿಸಲಿಗೆ ಒಣಗದ್ದು ಯಾವುದೈತಿ?" ಎಂದು ಗದರಿಸಿ, ಮಾಳಿಗೆಯ ಮೇಲೆ ಉದ್ದಿನ ಹಪ್ಪಳ ಹಾಕಿದ್ದೆನಲ್ಲ, ಆ ಧೋತರದ ತುದಿಗೆ ಅದನ್ನೂ ಇಟ್ಟೆ. ಸಂಜೆಗೆ ಹಪ್ಪಳ ಗರಿಗರಿಯಾಗಿದ್ದವು. ಫೋನಿನ ಹೊಟ್ಟೆ ಉಬ್ಬಿತ್ತು.

ಉಳಿದ ಫೋಟೊ ಹೋದರೆ ಹೋಗಲಿ, ಹೋದ ವರ್ಷದ ಯುಗಾದಿಯದೊಂದು ಸಿಕ್ಕರೆ ಸಾಕು ಎಂದು ಬೇಡಿಕೊಂಡೆ. ಮನೆಯ ಫೋಟೊ ಯಾರಿಗೂ ಕಳಿಸಕೂಡದೆಂದು ಕಟ್ಟುನಿಟ್ಟು ಮಾಡಿದವಳು ನಾನೇ. ಹಾಗಾಗಿ ಅದು ಬೇರೆ ಯಾರ ಹತ್ತಿರವೂ ಇರಲಿಲ್ಲ.

ಧರಮಪೇಠದ ಅಂಗಡಿಯ ವಾಮನ ಅದನ್ನು ಮೂಸಿ ನೋಡಿ, "ಆಜಿ, ಯೇ ಮೊಬೈಲ್ ಹೈ, ಪಾಪಡ್ ನಹೀ" ಅಂದ. ಬೇರೆ ದಿನವಾಗಿದ್ದರೆ ಅವನಿಗೆ ಬುದ್ಧಿ ಹೇಳುತ್ತಿದ್ದೆ. ಅವನು ಅದನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಬ್ರಶ್ಶು ಅದ್ದಿ ತಿಕ್ಕಿದ. ಫೋಟೊ ಇರುವ ಭಾಗಕ್ಕೆ ಇನ್ನೂ ಜೀವವಿದೆ, ಪರದೆ ಮತ್ತು ಬ್ಯಾಟರಿ ಮಾತ್ರ ಸತ್ತಿವೆ ಎಂದ. ಆ ಹಳೆಯ ಫೋನಿಗೆ ಸಾಮಾನು ಈಗ ಸಿಗುವುದಿಲ್ಲವಂತೆ. ಮುಂಬೈಗೆ ಕಳಿಸುವ ಖರ್ಚು ನನ್ನ ಪಿಂಚಣಿಗೆ ನಿಲುಕುವುದಲ್ಲ. ಇಂಥದೇ ಇನ್ನೊಂದು ಫೋನಿದ್ದರೆ ಅದರ ಪರದೆ, ಬ್ಯಾಟರಿ ಇದಕ್ಕೆ ಹಾಕಿ, ಒಮ್ಮೆ ಚಾಲೂ ಮಾಡಿ, ಫೋಟೊ ಇಳಿಸಿಕೊಡುತ್ತೇನೆ, ಬರೀ ಕೂಲಿ ಸಾಕು ಎಂದ.

ಇನ್ನೊಂದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಮಾವನವರು ತಮಗೊಂದು, ನಿನಗೊಂದು ಎಂದು ಒಂದೇ ದಿನ ಕೊಂಡು ತಂದಿದ್ದರು. ಆದರೆ ಕೇಳಲು ನನಗೆ ಬಾಯಿ ಬರಲಿಲ್ಲ. ಎದ್ದು ಮನೆಗೆ ಬಂದೆ.

ಅಕ್ಷರಾ ನಿನಗೆ ಹೇಳಿಬಿಟ್ಟಳು. ನೀನು ಮರುದಿನ ಮೊದಲ ಬಸ್ಸಿಗೆ ಬಂದಿಳಿದು, ನನ್ನನ್ನು ವಾಮನನ ಅಂಗಡಿಗೆ ಕರೆದೊಯ್ದು, ನಿನ್ನ ಫೋನನ್ನು ಅವನ ಮುಂದಿಟ್ಟೆ. ಚೆನ್ನಾಗಿ ನಡೆಯುವ ಫೋನು, ತೆಗೆಯುವಾಗ ಪರದೆ ಒಡೆದರೆ ಏನು ಮಾಡುತ್ತೀರಿ ಎಂದು ವಾಮನ ಕೇಳಿದ. ನೀನು ಕಿವಿಯೋಲೆಯ ಕಡ್ಡಿಯಿಂದ ಚುಚ್ಚಿ ಸಿಮ್ ತೆಗೆಯುತ್ತಲೇ, "ಒಡದ್ರ ಒಡೀಲಿ. ಜಲ್ದಿ ಮಾಡ್ರಿ ಭಯ್ಯಾ, ಅತ್ತಿಯವರು ಮುಂಜಾನಿಯಿಂದ ನೀರೂ ಕುಡದಿಲ್ಲ" ಅಂದೆ. ನಾನು ನೀರು ಕುಡಿಯದ್ದನ್ನು ನೀನು ಯಾವಾಗ ನೋಡಿದೆಯೋ ಕಾಣೆ.

ಫೋಟೊ ಸಿಕ್ಕಿತು. ಮಾವನವರು ನನ್ನ ಬಾಯಿಗೆ ಬೇವು-ಬೆಲ್ಲ ಹಾಕುತ್ತಿದ್ದಾರೆ, ನಾನು ಕಣ್ಣು ಮುಚ್ಚಿ ಬಾಯಿ ತೆರೆದಿದ್ದೇನೆ. ಅವರ ಫೋನಿನಲ್ಲಿ ಅದನ್ನು ತೆಗೆದವಳು ನೀನೇ. "ಬಾಯಿ ಬಿಟ್ಟ ಫೋಟೊ ಎದಕ್ಕ? ಅಳಿಸಿಬಿಡು" ಎಂದು ಅಂದು ನಾನು ರೇಗಿದ್ದೆ. ನೀನು "ಹೂಂರಿ ಅತ್ತಿ" ಎಂದು ತಲೆಯಾಡಿಸಿ, ಅಳಿಸದೆ ಹಾಗೇ ಬಿಟ್ಟೆ. ನನ್ನ ಮಾತು ಮೀರಿದವರ ಉಪಕಾರ ನಾನು ನೆನೆದದ್ದು ಇದೇ ಮೊದಲು. ಅದನ್ನೇ ರೂಢಿ ಮಾಡಿಕೊಳ್ಳಬೇಡ.

ನಿನ್ನ ಪರದೆ ಇನ್ನೂ ಈ ಫೋನಿನಲ್ಲೇ ಇದೆ. "ಅತ್ತಿಯವರು ನೋಡ್ಕೋತ ಇರ್ಲಿ" ಎಂದು ಬಿಟ್ಟುಹೋದೆಯಲ್ಲ. ನಿನಗೆ ಹೊಸದು ನಾನು ಕೊಡಿಸುತ್ತೇನೆ. ಬೇಡ ಎನ್ನುವ ಹಾಗಿಲ್ಲ. ಉಮಾಕಾಂತನ ಕೈಯಲ್ಲಿ ಅದೇ ಹಪ್ಪಳ ಕಳಿಸುತ್ತಿದ್ದೇನೆ. ಮೇಲಿಟ್ಟರೆ ಅವನು ಓದುತ್ತಾನೆಂದು ಕಾಗದ ಡಬ್ಬಿಯ ತಳದಲ್ಲಿದೆ. ನಿನ್ನ ಸಂಸಾರ ತಂಪಾಗಿರಲಿ. ನಿನಗೆ ವಯಸ್ಸಾದಾಗ ನಿನ್ನಂಥವಳೇ ನಿನ್ನ ಪಕ್ಕದಲ್ಲಿರಲಿ.

ಇಂತಿ ನಿನ್ನ ಅತ್ತೆ,
ಅನಸೂಯ

ತಾ. ಕ.: ಇದನ್ನು ಉಮಾಕಾಂತನಿಗೆ ಹೇಳಬೇಡ. ಆ ಯುಗಾದಿಯ ದಿನ ಅವರು "ಅನಸೂಯಾ, ಬಾಯಿ ತೆಗಿ" ಅಂದದ್ದು ನಿನಗೆ ನೆನಪಿರಬಹುದು. ಅವರ ಬಾಯಲ್ಲಿ ನನ್ನ ಹೆಸರು ಬಂದದ್ದು ಅದೇ ಕೊನೆ. ನಿಮಗೆಲ್ಲ 'ಸ್ವಲ್ಪ ಮರೆವು' ಎಂದು ಹೇಳುತ್ತಿದ್ದೆ. ದೀಪಾವಳಿಗೆ ಅವರು ಹೋಗುವವರೆಗೂ, ದೀಪ ಹಚ್ಚುವ ಹೊತ್ತಾದರೆ ಸಾಕು, ನನ್ನನ್ನು ನೋಡಿ, "ಬಾಯಾರ, ಕೆಲಸ ಮುಗೀತಲ್ಲ, ಇನ್ನ ನಿಮ್ಮ ಮನಿಗೆ ಹೋಗ್ರಿ. ನನ್ನ ಹೆಂಡತಿ ಬರೂ ಹೊತ್ತಾತು" ಎನ್ನುತ್ತಿದ್ದರು. ನಾನು "ಹೂಂರಿ" ಎಂದು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಸೆರಗು ಸರಿಮಾಡಿಕೊಂಡು, ಮುಂದಿನ ಬಾಗಿಲಿನಿಂದ ಒಳಗೆ ಬರುತ್ತಿದ್ದೆ. ಹಾಗೆ ಬಂದರೂ ಒಂದು ದಿನವೂ ಅವರಿಗೆ ನನ್ನ ಗುರುತು ಹತ್ತಲಿಲ್ಲ. ಈಗ ದೀಪ ಹಚ್ಚಿದ ಮೇಲೆ ಆ ಫೋಟೊ ತೆಗೆದು ನೋಡುತ್ತೇನೆ. ಅದರಲ್ಲಿ ನನ್ನ ಕಣ್ಣು ಮುಚ್ಚಿವೆ. ಅವರು ನನ್ನನ್ನೇ ನೋಡುತ್ತಿದ್ದಾರೆ.