ಬಟ್ಟೆ ಬಿಚ್ಚಿದಾಗ ಕಂಡ ಕ್ಯೂ

ಜೂನ್ ೧೮, ಬುಧವಾರ

ಊಟ ಸೇರಲಿಲ್ಲ. ಆ ಕ್ಯೂ ಕೋಲು ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಮೇಜಿನ ಮೇಲೆ ಚೆಂಡು ಹೊಡೆಯುವ ಪೂಲ್ ಆಟಕ್ಕೆ ನನ್ನದೇ ಅಳತೆಯ ಕ್ಯೂ ಮಾಡಿಸಬೇಕೆಂದು ಎಷ್ಟು ತಿಂಗಳಿಂದ ಮನೆಯವರ ತಲೆ ತಿಂದಿದ್ದೇನೆ! ಹಿಡಿಗೆ ಕರಿಮರವೇ ಆಗಬೇಕು, ಮುಂದಿನ ಕೋಲಿಗೆ ಎಳೆ ಒತ್ತಾಗಿರುವ ಮೇಪಲ್ ಮರ, ಎರಡೂ ಕೂಡುವಲ್ಲಿ ಸ್ಟೀಲಿನ ತಿರುಪು. ಇಂದು ಕ್ಯೂ ಮಾಡುವ ಮೇಸ್ತ್ರಿಯ ಮುಂದೆಯೂ ಇದನ್ನೆಲ್ಲ ಒಪ್ಪಿಸಿದೆ. ಅವರು ಅಂಗಿಯ ಮೇಲಿನ ಮರದ ಪುಡಿ ಕೊಡವಿಕೊಂಡು, "ಮೊದ್ಲು ನಿಮ್ಮ ಕೈ ಏನು ಹೇಳುತ್ತೆ ನೋಡೋಣ ಸಾರ್" ಎಂದರು. ಮರ ಕಾಣದಂತೆ ಮೂರು ಕ್ಯೂಗಳ ಹಿಡಿಗೆ ಬಟ್ಟೆ ಸುತ್ತಿ, ಅಲ್ಲೇ ಇದ್ದ ಮೇಜಿನ ಮೇಲೆ ಹೊಡೆದು ನೋಡಲು ಕೊಟ್ಟರು.

ಎರಡನೆಯದು ಕೈಗೆ ಬಂದದ್ದೇ ತಡ, ಚೆಂಡು ಹೇಳಿದ ಮಾತು ಕೇಳತೊಡಗಿತು. "ಇದೇ! ಇಂಥದ್ದೇ ಮಾಡ್ಕೊಡಿ" ಎಂದು ಕೂಗಿಯೇಬಿಟ್ಟೆ.

ಮೇಸ್ತ್ರಿ ಬಟ್ಟೆ ಬಿಚ್ಚಿದರು. ಹಿಡಿಯ ಮೇಲೆ ಗೀರು. ನನ್ನ ಕಾರಿನ ಬಾಗಿಲಿಗೆ ಸಿಕ್ಕು ಆದ ಗೀರು! ಕ್ಲಬ್ಬಿನ ಫೈನಲ್ ಸೋತ ದಿನ, ಈ ದರಿದ್ರ ಕೋಲಿನಿಂದಲೇ ಸೋತೆನೆಂದು ಭಾವಮೈದುನನ ಕೈಗೆ ತುರುಕಿದ್ದ ನನ್ನ ಹಳೇ ಕ್ಯೂ.

"ಕೋಲಿನ ತುದಿಯ ಚರ್ಮ ಬದಲಾಯಿಸೋಕೆ ನಿಮ್ಮ ಭಾವಮೈದ ಕೊಟ್ಟಿದ್ದಾರೆ. ನಾನಿನ್ನೂ ಕೈಯೇ ಹಚ್ಚಿಲ್ಲ" ಎಂದರು ಮೇಸ್ತ್ರಿ.

ಕರಿಮರ, ಮೇಪಲ್, ತಿರುಪು ಎಲ್ಲವೂ ಬಾಯಲ್ಲೇ ಒಣಗಿಹೋದವು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಬಿದ್ದು ಬಿದ್ದು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ತಟ್ಟೆ ಒರೆಸುತ್ತಲೇ ಕೇಳಿದಳು, "ಹಾಗಾದ್ರೆ ಫೈನಲ್ ಯಾಕ್ರೀ ಸೋತ್ರಿ?"

ಇಷ್ಟು ದಿನ ಈ ಪ್ರಶ್ನೆಗೆ ಆ ಕೋಲು ಉತ್ತರ ಕೊಡುತ್ತಿತ್ತು. ಈಗ ನಾನೇ ಕೊಡಬೇಕು.