ಮೊಯ್ನೋಕ್ ಕಚ್ಚಿದ್ದು ಯಾಕೆ

ಕೊಚ್ಕೊರ್
ಭಾನುವಾರ

ಮಾವ ಸಬಿರ್‌ಕುಲ್ ಅವರಿಗೆ ಅಳಿಯ ಎರ್ಮೆಕ್‌ನ ಸಲಾಂ.

ನಿಮ್ಮ ಬೆಟ್ಟದ ಮೇಲೆ ಫೋನ್ ಸಿಗುವುದಿಲ್ಲವಾದ್ದರಿಂದ ಈ ಕಾಗದವನ್ನು ಹಾಲಿನ ಲಾರಿಯವನ ಕೈಲಿ ಕಳಿಸುತ್ತಿದ್ದೇನೆ. ಶುಕ್ರವಾರ ಬರುವಾಗ ಮೊಯ್ನೋಕ್‌ನನ್ನು ಕೊಲ್ಲಲು ಬಂದೂಕು ತರಬೇಡಿ. ನಾಯಿ ಕಾರಣವಿಲ್ಲದೆ ನನ್ನ ಕೈ ಕಚ್ಚಿತು ಎಂದು ನಾನು ಹೇಳಿಕಳಿಸಿದ್ದು ಸುಳ್ಳು.

ಅವತ್ತು ನೆಂಟರೆದುರು ಅದಕ್ಕೆ ಕೂರಲು ಹೇಳಿದೆ. ಕೂರಲಿಲ್ಲ. "ಏನಯ್ಯಾ ಎರ್ಮೆಕ್, ನಾಯೀನ ನೀನು ಸಾಕಿದೀಯೋ, ನಾಯೀನೇ ನಿನ್ನನ್ನ ಸಾಕಿದ್ಯೋ?" ಎಂದು ನನ್ನಣ್ಣ ನಗಾಡಿದ. ಎಲ್ಲರೂ ಹೋದ ಮೇಲೆ ಕೋಲು ತೆಗೆದುಕೊಂಡೆ. ನಾಲ್ಕು ಏಟನ್ನು ಅದು ತಲೆ ತಗ್ಗಿಸಿಕೊಂಡು ತಿಂದಿತು. ಐದನೆಯದಕ್ಕೆ ನನ್ನ ಕೈ ಹಿಡಿಯಿತು, ಹಿಡಿದು ತಕ್ಷಣ ಬಿಟ್ಟಿತು. ತೋಳದ ಕುತ್ತಿಗೆ ಮುರಿಯುವ ತಳಿ ಅದು. ಮನಸ್ಸು ಮಾಡಿದ್ದರೆ ಈ ಕಾಗದ ಬರೆಯಲು ನನಗೆ ಕೈ ಇರುತ್ತಿರಲಿಲ್ಲ.

ಮರಿ ಕೊಡುವಾಗಲೇ ನೀವು ಹೇಳಿದ್ದಿರಿ: "ಅಳಿಯಂದ್ರೇ, ಇದು ಕುರಿ ಕಾಯೋ ಜಾತಿ. ಮನೇಲಿ ಮಗು ಥರ ಸಾಕ್ಕೊಳಿ, ಕೋಲು ಮಾತ್ರ ತೋರಿಸ್ಬೇಡಿ."

ನಿಮ್ಮ ಮೊಮ್ಮಗಳು ಐಜಿರೆಕ್ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು. ಯಾರಿಗೂ ಹೇಳಲಿಲ್ಲ. ಮೂರು ದಿನ ನನ್ನ ಜೊತೆ ಮಾತೂ ಆಡಲಿಲ್ಲ. ಅವಳು ಮೆಲ್ಲಗೆ ಒಂದು ಮಾತು ಹೇಳಿದರೆ ಸಾಕು, ಕರುವಿನಷ್ಟು ದೊಡ್ಡ ಆ ನಾಯಿ ಕೂರುತ್ತದೆ.

ಇಷ್ಟು ಬರೆದು ಅವಳಿಗೆ ಓದಿ ಹೇಳಿದೆ. "ಇನ್ನೂ ಒಂದು ಬರಿ ಅಪ್ಪಾ," ಎಂದಳು. "ನಿನ್ನ ನೋಡಿದ್ರೆ ಮೊಯ್ನೋಕ್ ಗೋಡೆ ಕಡೆ ಮುಖ ತಿರುಗಿಸ್ಕೊಳ್ಳತ್ತೆ. ಅದಕ್ಕೇನು ಮಾಡ್ಬೇಕು ಅಂತ ತಾತನ್ನ ಕೇಳು."

ಕೇಳುತ್ತಿದ್ದೇನೆ, ಮಾವ.

ನಿಮ್ಮ ಅಳಿಯ
ಎರ್ಮೆಕ್