ಭಾವನವರ ಸಿಗಾರಿಗೊಂದು ಲೈಟರ್

ಹೊಲಿಗೆ ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ಹನ್ನೆರಡು, ಮಧ್ಯಾಹ್ನ

ರೀ,

ಇದಕ್ಕಿಂತ ಉದ್ದವಾಗಿ ಕರೆಯಲು ನನಗೆ ಬರುವುದಿಲ್ಲ. ಎದುರಿಗಿದ್ದಾಗ ಇಷ್ಟರಲ್ಲೇ ಸಂಸಾರ ನಡೆದಿದೆ, ಈಗ ದೂರ ಹೋದಿರೆಂದು ಬೆಣ್ಣೆ ಹಚ್ಚಲೇನು? ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಕಾರ್ಖಾನೆಯಲ್ಲಿ ನಿಂತೇ ಬಟ್ಟೆ ಕತ್ತರಿಸಬೇಕೆಂದು ಬರೆದಿದ್ದಿರಿ. ನಡುನಡುವೆ ಕೂತುಕೊಳ್ಳಿ, ಮೇಲಿನವರು ಬೈದರೆ ಬೈಯಲಿ, ಬೈಗುಳದಿಂದ ಬೆನ್ನು ನೋಯುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರೋ, ಇಲ್ಲಾ ಟೀ ಕುಡಿದೇ ದಿನ ದೂಡುತ್ತೀರೋ? ನಿಜ ಬರೆಯಿರಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಯವರ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಾನೂ ಚೆನ್ನಾಗಿದ್ದೇನೆ, ತಲೆಯೊಂದು ಬಿಟ್ಟು. ಅದು ಕೆಟ್ಟು ಮೊಸರುಗಡಿಗೆಯಾಗಿದೆ. ಕಾರಣ ನೀವು, ನಿಮ್ಮ ಅಣ್ಣ ಮತ್ತು ಆ ಸುಡುಗಾಡು ಲೈಟರ್.

ಮೊದಲ ಪತ್ರದಲ್ಲಿ ಏನು ಬರೆದಿದ್ದಿರಿ? ಅಣ್ಣನಿಗೆ ಅರವತ್ತು ತುಂಬುತ್ತಿದೆ, ಸಿಗಾರ್ ಹಚ್ಚಲು ಒಳ್ಳೆಯ ಲೈಟರ್ ಒಂದನ್ನು ನನ್ನ ಹೆಸರಿನಲ್ಲಿ ಕೊಡು, ದುಡ್ಡಿನ ಮುಖ ನೋಡಬೇಡ ಅಂತ. ದುಡ್ಡನ್ನೂ ಕಳಿಸಿದಿರಿ. ಸರಿ ಎಂದು ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಎರಡನೆಯ ಪತ್ರ ಬಂತು. ತೀರಾ ದುಬಾರಿಯದು ಬೇಡ, ಅಣ್ಣ ತಪ್ಪು ತಿಳಿದಾನು. ಅದರ ಬೆನ್ನಿಗೇ ಮೂರನೆಯದು. ಹಾಗಂತ ಅಗ್ಗದ್ದೂ ಬೇಡ, ಅವನಿಗೆ ಅವಮಾನವಾದೀತು, ಎಷ್ಟರದು ಅಂತ ನಿನಗೇ ತೋಚುತ್ತೆ. ಏನು ತೋಚುತ್ತೆ? ಇಷ್ಟು ಅಂತ ಒಂದು ಅಂಕಿ ಬರೆಯಲು ನಿಮ್ಮ ಪೆನ್ನಿಗೆ ಶಾಯಿ ಸಾಲದೆ ಹೋಯಿತೇ? ಒಂದು ವರ್ಷದಿಂದ ನಿಂತುಹೋದ ಮಾತು ಈ ಲೈಟರಿನಿಂದ ಮತ್ತೆ ಶುರುವಾಗಬೇಕು ಎಂಬುದು ನಿಮ್ಮ ಆಸೆ. ಅದು ನನಗೂ ಬೇಕು. ನಿಮಗಿಂತ ಹೆಚ್ಚು ಬೇಕು, ಏಕೆಂದರೆ ನೀವಿಲ್ಲದ ಮನೆಯಲ್ಲಿ ದಿನ ನೂಕುತ್ತಿರುವವಳು ನಾನು. ಆದರೆ ಬೆಲೆ ಒಂಚೂರು ಹೆಚ್ಚುಕಮ್ಮಿಯಾಗಿ ಮಾತು ಕೂಡದಿದ್ದರೆ ತಪ್ಪು ಯಾರ ತಲೆಗೆ ಬರುತ್ತೆ, ಹೇಳಿ.

ನಿಮ್ಮ ಅಣ್ಣನಿಂದ ಬೆಲೆ ಮುಚ್ಚಿಡುವುದು ಎಂದಾದರೂ ಉಂಟೇ? ಬಟ್ಟೆ ಮುಟ್ಟಿ ಮುಟ್ಟಿ ಅವರ ಹೆಬ್ಬೆರಳಿಗೇ ಕಣ್ಣು ಬಂದಿದೆ. ಚಮಚ ಕೊಟ್ಟರೂ ಉಜ್ಜಿ ನೋಡಿ ಬೆಲೆ ಹೇಳುತ್ತಾರೆ, ಅದೂ ದುಡ್ಡಿನಲ್ಲಲ್ಲ, ಕೋಟು ಹೊಲಿದ ಕೂಲಿಯಲ್ಲಿ. ಈ ಮನೆಯಲ್ಲಿ ಅಕ್ಕಿ ಮೂಟೆಯಿಂದ ಅತ್ತೆಯವರ ಔಷಧಿಯವರೆಗೆ ಎಲ್ಲಕ್ಕೂ ಅದೇ ಲೆಕ್ಕ, ಈಗ ನನಗೂ ಅಂಟಿಕೊಂಡಿದೆ. ನೀವು ಮೊದಲ ಸಂಬಳದಲ್ಲಿ ಕಳಿಸಿದ ಕೈಗಡಿಯಾರದ ಗತಿ ನೆನಪಿದೆಯಲ್ಲ? ಪಟ್ಟಿಯನ್ನು ಒಂದು ಸಲ ಉಜ್ಜಿದರು. “ಎಂಟು ಕೋಟಿನ ಕೂಲಿ. ಸಂಬಳ ಜೋರಾಗಿದೆ ಅಂತ ತೋರಿಸೋಕೆ ಕಳ್ಸಿದಾನೆ” ಎಂದು ಗುಂಡಿಗಳ ಡಬ್ಬಕ್ಕೆ ಹಾಕಿದರು. ಇವತ್ತಿಗೂ ಅಲ್ಲೇ ಇದೆ. ಗುಂಡಿ ಹುಡುಕುವಾಗಲೆಲ್ಲ ನನ್ನ ಕೈಗೆ ತಗಲುತ್ತದೆ.

ಲೈಟರ್ ಅಂಗಡಿಯವನಾದರೂ ಸಹಾಯ ಮಾಡಿದನೇ ಎಂದರೆ ಅದೂ ಇಲ್ಲ. ಗಾಜಿನ ಪೆಟ್ಟಿಗೆಯಿಂದ ಮೂರು ತೆಗೆದು ಸಾಲಾಗಿ ಇಟ್ಟ. ಮೊದಲನೆಯದು ಪ್ಲಾಸ್ಟಿಕ್ಕಿನದು, ಒಂದು ಪ್ಯಾಂಟಿನ ಅಂಚು ಮಡಿಸಿದ ಕೂಲಿಗೆ ಬರುತ್ತದೆ. ಎರಡನೆಯದು ಉಕ್ಕಿನದು, ಮೂರು ಕೋಟಿನ ಕೂಲಿ. ಮೂರನೆಯದಕ್ಕೆ ಬೆಳ್ಳಿಯ ಹೊದಿಕೆ, ಅದರ ಬೆಲೆ ಕೇಳಿ ನಾನು ಪೆಟ್ಟಿಗೆಯ ಮೇಲಿಂದ ಕೈ ತೆಗೆದುಬಿಟ್ಟೆ. ಸೀಮೆಎಣ್ಣೆ ವಾಸನೆ ಬರುವಂಥದ್ದು ಸಿಗಾರಿಗೆ ಆಗದಂತೆ, ರುಚಿ ಕೆಡುತ್ತದಂತೆ, ಗ್ಯಾಸಿನದೇ ಬೇಕಂತೆ. ಇಷ್ಟೆಲ್ಲ ಪಾಠ ಹೇಳಿ ಕೊನೆಗೆ “ಯಾರಿಗೆ ಮೇಡಂ, ಎಷ್ಟರೊಳಗೆ ನೋಡ್ತಿದೀರಿ?” ಎಂದ. ಯಾರಿಗೆ ಎಂಬುದಕ್ಕೆ ಉತ್ತರವಿತ್ತು. ಎಷ್ಟರೊಳಗೆ ಎಂಬುದಕ್ಕೆ ನಿಮ್ಮ ಮೂರೂ ಪತ್ರ ತೆಗೆದು ಅವನ ಮುಂದೆ ಹರಡಬೇಕು ಅನ್ನಿಸಿತು. ಎರಡು ಸಲ ಬರಿಗೈಯಲ್ಲಿ ಬಂದೆ. ಮೂರನೆಯ ಸಲ ನನ್ನನ್ನು ನೋಡಿ ಅವನು ಕುರ್ಚಿಯಿಂದ ಏಳಲೂ ಇಲ್ಲ.

ಅತ್ತೆಯವರನ್ನು ಕೇಳಿದ್ದು ನನ್ನದೇ ತಪ್ಪು. ಸೋಮವಾರ “ಸಿಗಾರಿಗಿಂತ ಲೈಟರ್ ದುಬಾರಿನಾ? ಮೂಗಿಗಿಂತ ಮೂಗುತಿ ಭಾರ” ಎಂದರು. ಸರಿ, ಅಗ್ಗದ್ದೇ ತರೋಣ ಎಂದುಕೊಂಡೆ. ಮಂಗಳವಾರ ಅದೇ ಬಾಯಿ “ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ, ನೋಡಿ ತಗೋ” ಎಂದಿತು. ನೀವು ಯಾರ ಹೊಟ್ಟೆಯಲ್ಲಿ ಹುಟ್ಟಿದ್ದೀರಿ ಎಂಬುದರಲ್ಲಿ ನನಗೆ ಈಗ ಸ್ವಲ್ಪವೂ ಅನುಮಾನವಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಅಣ್ಣ ತಮ್ಮಂದಿರ ಜಗಳದಲ್ಲಿ ಬಡವಾದವಳು ನಾನು.

ಕೊನೆಗೆ ಓರಗಿತ್ತಿಯನ್ನೇ ಕೇಳಿದೆ. ಅಕ್ಕಾ, ಭಾವನವರು ಈಗ ಯಾವುದರಲ್ಲಿ ಹಚ್ಚಿಕೊಳ್ಳುತ್ತಾರೆ, ಅದನ್ನು ನೋಡಿ ಅದಕ್ಕಿಂತ ಒಂದು ಕೈ ಮೇಲಿನದು ತರುತ್ತೇನೆ ಎಂದೆ. ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದವರು ಮಡಚುತ್ತಲೇ “ಎಲ್ಲಿ ಹಚ್ಕೋತಾರೆ? ಅವ್ನು ಹೋದಮೇಲೆ ಹಚ್ಚೇ ಇಲ್ಲ” ಎಂದರು. ನನಗೆ ನಂಬಿಕೆಯಾಗಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಅವರ ಬಾಯಲ್ಲಿ ಸಿಗಾರ್ ಇರುವುದನ್ನು ನಾನು ನೋಡುವುದಿಲ್ಲವೇ? ಅಂಗಡಿ ತುಂಬ ಬಟ್ಟೆ, ಆದ್ದರಿಂದ ಒಳಗೆ ಬೆಂಕಿ ಸೋಕಿಸುವುದಿಲ್ಲ, ಸುಮ್ಮನೆ ಕಚ್ಚಿಕೊಂಡಿರುತ್ತಾರೆ, ಅದು ಗೊತ್ತು. ಆದರೆ ಸಂಜೆ ಅಂಗಡಿ ಬಾಗಿಲೆಳೆದು ಮೆಟ್ಟಿಲ ಮೇಲೆ ಕೂತಾಗ ಹಚ್ಚುತ್ತಿದ್ದುದು ನೀವಂತೆ. ಸಿಗಾರಿನ ತುದಿ ಸುತ್ತಲೂ ಒಂದೇ ಸಮ ಹತ್ತಬೇಕಂತೆ, ಅವರು ತಿರುಗಿಸುತ್ತಾ ಹೋದ ಹಾಗೆ ನೀವು ಕಡ್ಡಿಯ ಮೇಲೆ ಕಡ್ಡಿ ಗೀರಿ, ಗಾಳಿಗೆ ಅಂಗೈ ಮರೆ ಮಾಡಿ ಹಿಡಿಯುತ್ತಿದ್ದಿರಂತೆ. ಈಗ ಒಬ್ಬರೇ ಒಂದಷ್ಟು ಹೊತ್ತು ಕೂತು, ಹಾಗೇ ಎದ್ದು ಬಂದು, ಕಚ್ಚಿದ ಸಿಗಾರನ್ನು ಡಬ್ಬಿಗೆ ಹಾಕುತ್ತಾರಂತೆ. ಕೈಯಿಲ್ಲವೇ ಅವರಿಗೆ, ಒಂದು ಕಡ್ಡಿ ಗೀರಿಕೊಳ್ಳಲು ಎಂದು ಬಾಯಿಯ ತುದಿಯವರೆಗೆ ಬಂತು.

ಆಮೇಲೆ ನಿಮ್ಮ ಮೇಲೆ ಸಿಟ್ಟು ಬಂತು. ನಿಮ್ಮ ಲೆಕ್ಕ ನನಗೆ ಆಗ ಅರ್ಥವಾಯಿತು. ನೀವಿಲ್ಲ, ನಿಮ್ಮ ಬದಲಿಗೆ ಒಂದು ಲೈಟರ್. ಹೋದ ವರ್ಷ ನೀವಿಬ್ಬರು ಜಗಳವಾಡಿದ್ದು ಯಾತಕ್ಕೆ? ಸಣ್ಣದು, ನಡುವಿನದು, ದೊಡ್ಡದು ಅಂತ ಮೂರೇ ಅಳತೆಯಲ್ಲಿ ಕೋಟು ಹೊಲಿದಿಟ್ಟು ಮಾರೋಣ ಎಂದಿರಿ ನೀವು. ಮನುಷ್ಯರು ಮೂರೇ ಥರ ಇರ್ತಾರೇನೋ ಎಂದರು ಅವರು. ಇಷ್ಟಕ್ಕೇ ನೀವು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ ರೈಲು ಹತ್ತಿದಿರಿ. ಈಗ ಅಣ್ಣನ ಪ್ರೀತಿಯನ್ನೂ ಅಗ್ಗ, ನಡು, ದುಬಾರಿ ಅಂತ ಅಳೆಯಲು ನನ್ನನ್ನು ಅಂಗಡಿಗೆ ಕಳಿಸಿದ್ದೀರಿ. ಬುದ್ಧಿವಂತರು ನೀವು, ನಿಮಗೆ ಹೇಳುವವರಾರು?

ಆದರೂ ನಿಮ್ಮ ಮಾತು ಮೀರಬಾರದೆಂದು ಉಕ್ಕಿನದನ್ನೇ ತಂದೆ. ಬೇಡವಾದರೆ ವಾರದೊಳಗೆ ವಾಪಸ್ ತೆಗೆದುಕೊಳ್ಳುವುದಾಗಿ ಅಂಗಡಿಯವನು ಒಪ್ಪಿದ್ದ. ನನ್ನನ್ನು ಸಾಗಹಾಕಿದರೆ ಸಾಕಾಗಿತ್ತು ಅವನಿಗೆ. ಹುಟ್ಟಿದ ದಿನದವರೆಗೆ ಇರಲಿ ಎಂದು ಹೊಲಿಗೆ ಬುಟ್ಟಿಯಲ್ಲಿ ದಾರದುಂಡೆಗಳ ಕೆಳಗೆ ಇಟ್ಟೆ. ನಿನ್ನೆ ಭಾವನವರಿಗೆ ಕಪ್ಪು ದಾರ ಬೇಕಾಯಿತು. ನಾನು ಕೋಟಿನ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದೆ, ತಡೆಯುವಷ್ಟರಲ್ಲಿ ಲೈಟರ್ ಅವರ ಕೈಯಲ್ಲಿತ್ತು. ಹೆಬ್ಬೆರಳಿನಿಂದ ಉಜ್ಜಿದರು. “ಮೂರು ಕೋಟಿನ ಕೂಲಿ” ಎಂದರು, ಚೂರೂ ಆಚೀಚೆ ಇಲ್ಲ. ಯಾರಿಗೆ ಎಂದು ಕೇಳಿದರು. ನಾನು ಗಾಬರಿಯಲ್ಲಿ “ನಮ್ಮಣ್ಣನಿಗೆ” ಎಂದುಬಿಟ್ಟೆ. ನಮ್ಮಣ್ಣ ಅಗರಬತ್ತಿಯ ಹೊಗೆಗೂ ಕೆಮ್ಮುವ ಮನುಷ್ಯ, ಅದು ಅವರಿಗೂ ಗೊತ್ತು. ನಗಲಿಲ್ಲ, ಬೈಯಲಿಲ್ಲ. ಅದನ್ನು ಒಂದು ಸಲವೂ ಹಚ್ಚಿ ನೋಡದೆ ಬುಟ್ಟಿಯಲ್ಲಿ ಇದ್ದ ಜಾಗದಲ್ಲೇ ಇಟ್ಟು, “ನಿಮ್ಮಣ್ಣನಿಗೆ ಇದೆಲ್ಲ ಬೇಡಮ್ಮ, ವಾಪಸ್ ಕೊಟ್ಬಿಡು” ಎಂದು ದಾರ ತೆಗೆದುಕೊಂಡು ಹೋದರು.

ಇವತ್ತು ಬೆಳಗ್ಗೆ ವಾಪಸ್ ಕೊಟ್ಟೆ. ದುಡ್ಡು ನನ್ನ ಹತ್ತಿರ ಇದೆ. ಇನ್ನು ಮೇಲೆ ಯಾವ ಅಂಗಡಿಗೂ ನನ್ನನ್ನು ಕಳಿಸಬೇಡಿ, ನಾಲ್ಕನೆಯ ಪತ್ರವನ್ನಂತೂ ಬರೆಯಲೇಬೇಡಿ. ಅತ್ತೆಯವರು ಆಶೀರ್ವಾದ ಹೇಳಿದ್ದಾರೆ, ಅಕ್ಕ ಕೇಳಿದೆನೆಂದು ಹೇಳಿದ್ದಾರೆ. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಸಿಟ್ಟಿನಲ್ಲಿ ಏನೇನೋ ಬರೆದಿದ್ದೇನೆ, ಯಾವುದನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೂ ನೀವು ಚೆನ್ನಾಗಿರಬೇಕು.

ಇಂತಿ,
ನಿಮ್ಮ ಮೂರು ಪತ್ರಗಳಿಂದ ಬೇಸತ್ತ
ನಿಮ್ಮವಳು

ತಾ.ಕ.: ಅಂಚೆಪೆಟ್ಟಿಗೆಗೆ ಹೊರಟವಳು ಮತ್ತೆ ಕೂತು ಬರೆಯುತ್ತಿದ್ದೇನೆ. ನಿನ್ನೆ ದಾರ ತೆಗೆದುಕೊಂಡು ಹೋದ ಭಾವನವರು ಬಾಗಿಲ ಹತ್ತಿರ ನಿಂತರು. ನನ್ನ ಕಡೆ ತಿರುಗದೆ, ಸೂಜಿಗೆ ದಾರ ಪೋಣಿಸುತ್ತಾ ಕೇಳಿದರು: “ಅಲ್ಲಿಂದ ಇಲ್ಲಿಗೆ ರೈಲಿನ ಚಾರ್ಜ್ ಎಷ್ಟು ಕೋಟಿನ ಕೂಲಿ ಆಗುತ್ತೆ ಈಗ?” ನನಗೆ ಗೊತ್ತಿಲ್ಲ ಎಂದೆ. ನಿಮಗೆ ಗೊತ್ತಿರುತ್ತದೆ. ಪತ್ರದಲ್ಲಿ ಬರೆಯಬೇಡಿ, ಬಂದು ಹೇಳಿ. ಬೆಂಕಿಪೊಟ್ಟಣ ತಂದಿಟ್ಟಿದ್ದೇನೆ.